ಬೆಳಿಗ್ಗೆ ಏಳು ಗಂಟೆಗೆ ಒಂದು ಈಜಿನ ಸೀಟು: ಟೊರೊಂಟೊ ನಗರದ ತರಗತಿಗಳಿಗೆ ಸೇರಿದ ನನ್ನ ಅನುಭವ

ನಾನು ಹುಟ್ಟಿದ್ದು ತೀರ್ಥಹಳ್ಳಿ ಹತ್ತಿರದ ಒಂದು ಸಣ್ಣ ಊರಿನಲ್ಲಿ, ತುಂಗಾ ಹೊಳೆಯ ಪಕ್ಕ. ಅಣ್ಣ ಬೇಸಿಗೆ ರಜೆಯಲ್ಲಿ ಬೆನ್ನಿಗೆ ಖಾಲಿ ಡಬ್ಬ ಕಟ್ಟಿಕೊಂಡು ಹೊಳೆಗೆ ಹಾರುತ್ತಿದ್ದ. ಒಂದೇ ಬೇಸಿಗೆಯಲ್ಲಿ ಈಜು ಕಲಿತುಬಿಟ್ಟ. ನಾನು ದಡದ ಬಂಡೆಯ ಮೇಲೆ ಕೂತು ಅವನ ಅಂಗಿ, ಚಪ್ಪಲಿ ಕಾಯುತ್ತಿದ್ದೆ. ನಮ್ಮ ಕಡೆ ಹೆಣ್ಣುಮಕ್ಕಳು ಹೊಳೆಗೆ ಇಳಿಯುತ್ತಿದ್ದದ್ದು ಬಟ್ಟೆ ಒಗೆಯುವುದಕ್ಕೆ. ಇಲ್ಲವಾದರೆ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಮೂಗು ಹಿಡಿದು ಮೂರು ಮುಳುಗು ಹಾಕುವುದಕ್ಕೆ. ಈಜು ಕಲಿಸಿ ಅಂತ ಕೇಳಬೇಕು ಅನ್ನೋದೇ ನನಗೆ ಹೊಳೆದಿರಲಿಲ್ಲ.

ಈಗ ನನಗೆ 43 ವರ್ಷ. ಟೊರೊಂಟೊದ ಸ್ಕಾರ್ಬರೋ ಭಾಗದಲ್ಲಿ ನಮ್ಮ ಮನೆ. ಈಜು ಕಲಿತದ್ದು ಇಲ್ಲಿ, ನಗರಸಭೆ ನಡೆಸುವ ತರಗತಿಯಲ್ಲಿ. ನನಗಿಂತ ಮೊದಲು ಮಗಳು ಕಲಿತಳು. ಆಮೇಲೆ ಐಸ್ ಮೇಲೆ ಜಾರುವ ಸ್ಕೇಟಿಂಗ್‌ಗೂ ಸೇರಿದಳು. ಮೂರು ವರ್ಷದಿಂದ ನಾವು ಈ ತರಗತಿಗಳಿಗೆ ಹೋಗುತ್ತಿದ್ದೇವೆ. ಹೊಸದಾಗಿ ಈ ಊರಿಗೆ ಬರುವ ಕನ್ನಡದವರು ಯಾರೇ ಸಿಕ್ಕಿದರೂ ನಾನು ಇದನ್ನೇ ಹೇಳುತ್ತೇನೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ, ಒಂದು ಸಲ ಪೂರ್ತಿ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊದಲು ಇದೇನು ಅಂತ ಹೇಳುತ್ತೇನೆ. ಟೊರೊಂಟೊ ನಗರಸಭೆಗೆ ಪಾರ್ಕು ಮತ್ತು ಮನರಂಜನೆಗೇ ಒಂದು ಇಲಾಖೆ ಇದೆ. ಊರಿನ ತುಂಬ ಅದರ ಸಮುದಾಯ ಕೇಂದ್ರಗಳಿವೆ. ಜನ ಕಮ್ಯುನಿಟಿ ಸೆಂಟರ್ ಅಂತಲೇ ಕರೆಯುತ್ತಾರೆ. ಈಜುಕೊಳ, ಜಿಮ್, ಐಸ್ ರಿಂಕ್, ಚಿತ್ರಕಲೆ, ಡ್ಯಾನ್ಸು, ಬ್ಯಾಡ್ಮಿಂಟನ್, ಮಣ್ಣಿನ ಕೆಲಸ, ಅಡುಗೆ, ಹಿರಿಯರಿಗೆ ವ್ಯಾಯಾಮ, ಹೀಗೆ ಎಲ್ಲ ಇರುತ್ತದೆ. ಚಳಿಗಾಲ, ವಸಂತ, ಬೇಸಿಗೆ, ಶರತ್ಕಾಲ ಅಂತ ವರ್ಷಕ್ಕೆ ನಾಲ್ಕು ಋತು. ಪ್ರತಿ ಋತುವಿಗೂ ಹೊಸದಾಗಿ ಹೆಸರು ನೋಂದಾಯಿಸಬೇಕು. ಒಂದು ಸಲ ಸೇರಿದರೆ ಸೀಟು ತಾನಾಗಿಯೇ ಮುಂದುವರಿಯುತ್ತದೆ ಅಂತ ನಾನು ಅಂದುಕೊಂಡಿದ್ದೆ. ಹಾಗಿಲ್ಲ. ಮಗು ಮೇಲಿನ ಹಂತಕ್ಕೆ ಹೋಗಬೇಕಾದರೂ ಮತ್ತೆ ಬೆಳಿಗ್ಗೆ ಏಳಕ್ಕೆ ಲ್ಯಾಪ್‌ಟಾಪ್ ಮುಂದೆ ಕೂರಲೇಬೇಕು.

ನಾವು ನೇರವಾಗಿ ಇಲ್ಲಿಗೆ ಬಂದವರಲ್ಲ. ಮೊದಲು ಮಗಳನ್ನು ಒಂದು ಖಾಸಗಿ ಈಜು ಶಾಲೆಗೆ ಹಾಕಿದ್ದೆವು. ಹೆಸರು ಬೇಡ. ನೋಡಲಿಕ್ಕೆ ಚೆನ್ನಾಗಿತ್ತು. ನೀರು ಬೆಚ್ಚಗಿತ್ತು, ಗೋಡೆ ತುಂಬ ಮೀನಿನ ಚಿತ್ರಗಳಿದ್ದವು. ಆದರೆ ವಾರಕ್ಕೊಬ್ಬ ಹೊಸ ಟೀಚರ್. ಮಗಳು ಹಿಂದಿನ ವಾರ ಏನು ಕಲಿತಿದ್ದಾಳೆ ಅನ್ನೋದು ಅವರಿಗೆ ಗೊತ್ತಿರುತ್ತಿರಲಿಲ್ಲ. ಜ್ವರ ಬಂದು ಎರಡು ಪಾಠ ತಪ್ಪಿತು. ಬದಲಿ ಪಾಠ ಕೊಡುತ್ತೇವೆ ಅಂದವರು ಕೊಡಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಆರು ತಿಂಗಳಾದ ಮೇಲೂ ಅವಳು ಕೊಳದ ಅಂಚು ಬಿಟ್ಟು ಒಂದು ಅಡಿ ಮುಂದೆ ಹೋಗುತ್ತಿರಲಿಲ್ಲ. ಅಲ್ಲಿ ಮೂರು ನಾಲ್ಕು ಪಾಠಕ್ಕೆ ಕೊಡುತ್ತಿದ್ದ ದುಡ್ಡಿನಲ್ಲಿ ನಗರದ ತರಗತಿಯಲ್ಲಿ ಹೆಚ್ಚು ಕಡಿಮೆ ಒಂದು ಇಡೀ ಋತುವೇ ಮುಗಿಯುತ್ತದೆ ಅಂತ ಆಮೇಲೆ ಗೊತ್ತಾಯಿತು. ಹೇಳಿದವರು ನಮ್ಮ ಕಟ್ಟಡದ ನಾಲ್ಕನೇ ಮಹಡಿಯ ತಮಿಳು ಅಕ್ಕ. ಲಾಂಡ್ರಿ ಕೋಣೆಯಲ್ಲಿ ಸಿಕ್ಕಾಗ, ‘ನಗರದವರದ್ದು ಇದೆಯಲ್ಲ, ಅದನ್ನು ಬಿಟ್ಟು ಅಲ್ಲಿಗೆ ಯಾಕೆ ಹೋಗ್ತೀಯ?’ ಅಂತ ಕೇಳಿದರು.

ಮೊದಲನೇ ಸಲ ನನಗೆ ಸೀಟು ಸಿಗಲಿಲ್ಲ. ತಪ್ಪು ನನ್ನದೇ. ಬೆಳಿಗ್ಗೆ ಏಳಕ್ಕೆ ನೋಂದಣಿ ಶುರು ಅಂತ ಗೊತ್ತಿತ್ತು. ಆರೂ ಐವತ್ತಕ್ಕೆ ಎದ್ದು, ಕಾಫಿ ಇಟ್ಟು, ಆಗ ಖಾತೆ ತೆರೆಯಲಿಕ್ಕೆ ಕೂತೆ. ಹೆಸರು, ವಿಳಾಸ, ಮನೆಮಂದಿಯ ಹುಟ್ಟಿದ ದಿನ, ಇಮೇಲ್ ಖಾತ್ರಿ, ಪಾಸ್‌ವರ್ಡು ಅಂತ ಒಂದೊಂದಾಗಿ ತುಂಬುತ್ತಿದ್ದೆ. ಎಲ್ಲ ಮುಗಿಯುವಾಗ ಏಳು ಹತ್ತು. ಮಗಳಿಗೆ ಯಾವ ಹಂತ ಬೇಕು ಅಂತಲೂ ನೋಡಿಟ್ಟಿರಲಿಲ್ಲ. ಶನಿವಾರದ ತರಗತಿ ಒಂದೂ ಉಳಿದಿರಲಿಲ್ಲ. ಭಾನುವಾರದ್ದೂ ಇಲ್ಲ. ಕಾಫಿ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತ್ತು. ಮಗಳು ಎದ್ದು ಬಂದು, ‘ಸಿಕ್ಕಿತಾ ಅಮ್ಮಾ?’ ಅಂದಳು. ಅವತ್ತು ಅವಳ ಮುಖ ನೋಡಿ ನನಗೆ ನಿಜವಾಗಿ ಬೇಜಾರಾಯಿತು.

ಹಾಗಾಗಿ ಈಗ ಬರೆಯುವುದನ್ನು ದಯವಿಟ್ಟು ಗಮನ ಕೊಟ್ಟು ಓದಿ. ಇಡೀ ಬರಹದಲ್ಲಿ ನಿಮಗೆ ಹೆಚ್ಚು ಉಪಯೋಗ ಆಗೋದು ಇದೇ ಭಾಗ.

ಖಾತೆಯನ್ನು ಇವತ್ತೇ ತೆರೆಯಿರಿ. ನೋಂದಣಿ ಇನ್ನೂ ಎರಡು ತಿಂಗಳು ದೂರ ಇದ್ದರೂ ಸರಿ. ನಗರದ ಜಾಲತಾಣದಲ್ಲಿ ಮನೆಗೆ ಒಂದು ಖಾತೆ ಮಾಡಿ, ಗಂಡ, ಹೆಂಡತಿ, ಮಕ್ಕಳು, ಅತ್ತೆ ಮಾವ ಎಲ್ಲರನ್ನೂ ಅದರೊಳಗೆ ಸೇರಿಸಿ. ಹುಟ್ಟಿದ ದಿನ ಸರಿಯಾಗಿ ಹಾಕಿ. ತರಗತಿಗೆ ವಯಸ್ಸಿನ ಮಿತಿ ಇರುತ್ತದೆ. ದಿನಾಂಕ ತಪ್ಪಾಗಿದ್ದರೆ ಕೊನೇ ಗಳಿಗೆಯಲ್ಲಿ ಮುಂದಕ್ಕೆ ಹೋಗೋದೇ ಇಲ್ಲ. ನೋಂದಣಿ ದಿನದ ಹಿಂದಿನ ರಾತ್ರಿ ಒಮ್ಮೆ ಲಾಗಿನ್ ಆಗಿ ಪಾಸ್‌ವರ್ಡು ಕೆಲಸ ಮಾಡುತ್ತದಾ ನೋಡಿ. ಕ್ರೆಡಿಟ್ ಕಾರ್ಡನ್ನು ಲ್ಯಾಪ್‌ಟಾಪ್ ಪಕ್ಕದಲ್ಲೇ ಇಟ್ಟುಕೊಂಡಿರಿ.

ಆಮೇಲೆ ನಿಮ್ಮ ದಿನ ಯಾವುದು ಅಂತ ನೋಡಿಕೊಳ್ಳಿ. ನಗರವನ್ನು ನಾಲ್ಕು ಭಾಗ ಮಾಡಿದ್ದಾರೆ. ಎಟೋಬಿಕೋಕ್ ಯಾರ್ಕ್, ನಾರ್ತ್ ಯಾರ್ಕ್, ಸ್ಕಾರ್ಬರೋ, ಮತ್ತೆ ಟೊರೊಂಟೊ–ಈಸ್ಟ್ ಯಾರ್ಕ್. ನಾಲ್ಕೂ ಕಡೆ ಒಂದೇ ದಿನ ಬಾಗಿಲು ತೆರೆಯೋದಿಲ್ಲ. ಇಲ್ಲಿ ಲೆಕ್ಕ ನಿಮ್ಮ ಮನೆಯದ್ದಲ್ಲ, ಕೇಂದ್ರ ಯಾವ ಭಾಗದಲ್ಲಿದೆ ಅನ್ನೋದು. ಎರಡು ಭಾಗಗಳ ಗಡಿಯಲ್ಲಿ ಮನೆ ಇದ್ದವರಿಗೆ ಇದರಿಂದ ಒಳ್ಳೆಯದೇ ಆಯಿತು. ಇವತ್ತು ಸ್ಕಾರ್ಬರೋದಲ್ಲಿ ಸಿಗದಿದ್ದರೆ, ನಾರ್ತ್ ಯಾರ್ಕ್‌ನ ದಿನ ಬೇರೆ ಇದ್ದಾಗ ಅಲ್ಲಿಗೂ ಪ್ರಯತ್ನ ಮಾಡಬಹುದು. ನಮ್ಮ ಗೆಳತಿಯೊಬ್ಬಳಿಗೆ ಹಾಗೆಯೇ ಸಿಕ್ಕಿತು.

ತರಗತಿಗಳ ಪಟ್ಟಿ ನೋಂದಣಿಗೆ ಮೊದಲೇ ಬರುತ್ತದೆ. ಪ್ರತಿ ತರಗತಿಗೂ ಒಂದು ನಂಬರ್ ಇರುತ್ತದೆ. ನಾನು ಐದು ತರಗತಿ ಆರಿಸಿ, ಇಷ್ಟದ ಕ್ರಮದಲ್ಲಿ ಆ ನಂಬರುಗಳನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದಿಡುತ್ತೇನೆ. ಜಾಲತಾಣದಲ್ಲೇ ವಿಶ್ ಲಿಸ್ಟ್ ಇದೆ, ಅದರಲ್ಲೂ ಸೇರಿಸಿಡುತ್ತೇನೆ. ಕಾಗದ ಯಾಕೆ ಅಂತ ನಮ್ಮವರು ಕೇಳಿದರು. ಏಳು ಗಂಟೆಗೆ ಕೈ ನಡುಗುವಾಗ ಪರದೆ ಮೇಲೆ ಹುಡುಕೋದಕ್ಕಿಂತ ಕಾಗದ ನೋಡೋದು ಸುಲಭ, ಅದಕ್ಕೇ. ಶನಿವಾರ ಬೆಳಿಗ್ಗೆ ಎಲ್ಲರಿಗೂ ಬೇಕು, ಬೇಗ ತುಂಬುತ್ತದೆ. ನಮಗಂತೂ ಶನಿವಾರ ಮಗಳ ಕನ್ನಡ ತರಗತಿ ಇರುತ್ತದೆ. ಹಾಗಾಗಿ ವಾರದ ನಡುವಿನ ಸಂಜೆ ಆರಿಸಿದೆವು. ಬುಧವಾರ ಸಂಜೆ ಆರಕ್ಕೆ ಬರುವವರು ಕಡಿಮೆ. ಕತ್ತಲಾಗಿರುತ್ತದೆ, ಹೊರಗೆ ಹಿಮ ಬೀಳುತ್ತಿರುತ್ತದೆ, ಬಸ್ಸಿಗೆ ಕಾಯಬೇಕು. ಅಷ್ಟು ಕಷ್ಟಪಡಲು ಸಿದ್ಧ ಇದ್ದರೆ ಸೀಟು ಸಿಗುವ ಅವಕಾಶ ಜಾಸ್ತಿ.

ನೋಂದಣಿ ದಿನ ಏಳಕ್ಕಿಂತ ಸ್ವಲ್ಪ ಮೊದಲೇ ಲಾಗಿನ್ ಆಗಿರಿ. ಜನ ಜಾಸ್ತಿ ಇದ್ದಾಗ ಪುಟ ನಿಮ್ಮನ್ನು ಸಾಲಿನಲ್ಲಿ ನಿಲ್ಲಿಸುತ್ತದೆ. ಆಗ ಗಾಬರಿಯಾಗಿ ಪುಟವನ್ನು ಮತ್ತೆ ಮತ್ತೆ ರಿಫ್ರೆಶ್ ಮಾಡಬೇಡಿ, ಸುಮ್ನೆ ಕಾಯಿರಿ. ಫೋನ್ ಮಾಡಿಯೂ ಹೆಸರು ಕೊಡಬಹುದು. ನಮ್ಮ ಮನೆಯಲ್ಲಿ ನಾನು ಲ್ಯಾಪ್‌ಟಾಪ್ ಹಿಡಿದರೆ ನಮ್ಮವರು ಫೋನ್ ಹಿಡಿಯುತ್ತಾರೆ. ಯಾರಿಗೆ ಮೊದಲು ಸಿಕ್ಕಿದರೂ ಸರಿ. ಕಂಪ್ಯೂಟರ್ ಅಭ್ಯಾಸ ಇಲ್ಲದ ಹಿರಿಯರಿಗೆ ಅಥವಾ ಇಂಗ್ಲಿಷ್ ಕಷ್ಟ ಅನ್ನುವವರಿಗೆ 311 ಅನ್ನೋ ನಗರದ ನಂಬರ್ ಇದೆ. ದುಭಾಷಿಯ ಸಹಾಯ ಕೇಳಿ ಪಡೆಯಬಹುದು. ಸಂಕೋಚ ಬೇಡ, ಕೇಳಿ.

ಸೀಟು ತುಂಬಿದ್ದರೆ ಕಾಯುವ ಪಟ್ಟಿಗೆ ಹೆಸರು ಹಾಕಿ. ‘ಅದರಿಂದ ಏನೂ ಬರಲ್ಲ’ ಅಂತ ತುಂಬ ಜನ ಹೇಳುತ್ತಾರೆ. ನನ್ನ ಸ್ವಂತ ಈಜಿನ ಸೀಟು ಬಂದದ್ದೇ ಕಾಯುವ ಪಟ್ಟಿಯಿಂದ. ಮೊದಲ ವಾರದಲ್ಲಿ ಯಾರೋ ಬಿಟ್ಟರು, ನನಗೆ ಕರೆ ಬಂತು. ಗೊತ್ತಿಲ್ಲದ ನಂಬರ್ ಅಂತ ಎತ್ತದೆ ಬಿಡುವವಳಿದ್ದೆ. ಆ ದಿನಗಳಲ್ಲಿ ಗೊತ್ತಿಲ್ಲದ ಕರೆಗಳನ್ನೂ ಎತ್ತಿ, ಇಮೇಲಿನ ಸ್ಪಾಮ್ ಪೆಟ್ಟಿಗೆಯನ್ನೂ ನೋಡುತ್ತಿರಿ. ಬೇಗ ಉತ್ತರ ಕೊಡದಿದ್ದರೆ ಸೀಟು ಮುಂದಿನವರ ಪಾಲಾಗುತ್ತದೆ.

ಪಕ್ಕದ ನಗರಗಳಾದ ಬ್ರಾಂಪ್ಟನ್, ಮಿಸ್ಸಿಸಾಗಾದಲ್ಲಿ ಇರುವ ಕನ್ನಡದವರು ತುಂಬ ಜನ. ಅಲ್ಲಿನ ನಗರಸಭೆಗಳೂ ಇಂಥದ್ದೇ ತರಗತಿ ನಡೆಸುತ್ತವೆ. ದಿನಾಂಕ, ಖಾತೆ, ಶುಲ್ಕ ಎಲ್ಲ ಬೇರೆ. ನಾನು ಹೇಳಿದ ದಿನ, ಭಾಗಗಳ ಲೆಕ್ಕ ನಿಮಗೆ ಹೊಂದುವುದಿಲ್ಲ. ಹಿಂದಿನ ರಾತ್ರಿಯ ತಯಾರಿ ಮಾತ್ರ ಎಲ್ಲ ಕಡೆಗೂ ಒಂದೇ.

ಇನ್ನು ದುಡ್ಡಿನ ಮಾತು. ಶುಲ್ಕ ಆಗಾಗ ಬದಲಾಗುತ್ತದೆ, ಪ್ರತಿ ತರಗತಿಯ ಪಕ್ಕದಲ್ಲೇ ಬರೆದಿರುತ್ತದೆ. ಅದಕ್ಕಿಂತ ಮುಖ್ಯವಾದ ಎರಡು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಕೆಲವು ಕೇಂದ್ರಗಳನ್ನು ಉಚಿತ ಕೇಂದ್ರಗಳು ಅಂತ ಗುರುತಿಸಿದ್ದಾರೆ. ಅಲ್ಲಿ ನಗರದ ನಿವಾಸಿಗಳಿಗೆ ತರಗತಿಗೆ ಶುಲ್ಕವೇ ಇಲ್ಲ. ಇನ್ನೊಂದು, ವೆಲ್ಕಮ್ ಪಾಲಿಸಿ ಅನ್ನುವ ವ್ಯವಸ್ಥೆ. ಆದಾಯ ಕಡಿಮೆ ಇರುವ ಮನೆಯವರಿಗೆ ನಗರವೇ ಶುಲ್ಕದ ಸಹಾಯ ಮಾಡುತ್ತದೆ. ಅರ್ಜಿ ಹಾಕಿ ಮಂಜೂರಾಗಲು ಸಮಯ ಬೇಕು. ನೋಂದಣಿಯ ವಾರದಲ್ಲಿ ಓಡಾಡಿದರೆ ಆಗೋದಿಲ್ಲ, ಬಹಳ ಮುಂಚೆಯೇ ಹಾಕಿಡಿ. ನಾವು ಬಂದ ಮೊದಲ ವರ್ಷ ನಮ್ಮವರಿಗೆ ಸರಿಯಾದ ಕೆಲಸ ಇರಲಿಲ್ಲ. ಆಗ ಇದು ಗೊತ್ತಿದ್ದರೆ ಎಷ್ಟು ಉಪಕಾರ ಆಗುತ್ತಿತ್ತು. ಬಂದ ಹೊಸತರಲ್ಲಿ ಸಹಾಯ ಕೇಳೋದು ಅಂದರೆ ನಮಗೆ ಹಿಂಜರಿಕೆ, ಅಲ್ವಾ? ಇದು ಯಾರೋ ಕೊಡುವ ದಾನ ಅಲ್ಲ. ನೀವು ಈ ಊರಿನ ನಿವಾಸಿ, ನಿಮಗಾಗಿಯೇ ಇಟ್ಟಿರುವ ಹಣ. ತಗೊಳ್ಳಿ.

ತರಗತಿ ಹೇಗಿದೆ ಅಂತ ಈಗ ಹೇಳುತ್ತೇನೆ.

ಇಲ್ಲಿನ ಈಜು ಪಾಠಗಳು ‘ಸ್ವಿಮ್ ಫಾರ್ ಲೈಫ್’ ಅನ್ನುವ ಕ್ರಮದಲ್ಲಿ ನಡೆಯುತ್ತವೆ. ಅದನ್ನು ಮಾಡಿದ್ದು ಲೈಫ್‌ಸೇವಿಂಗ್ ಸೊಸೈಟಿ, ಜನ ನೀರಿನಲ್ಲಿ ಮುಳುಗದಂತೆ ತಡೆಯಲು ಕೆಲಸ ಮಾಡುವ ಸಂಸ್ಥೆ. ಮೊದಲು ಕೆನಡಾದ ತುಂಬ ಕಡೆ ರೆಡ್ ಕ್ರಾಸ್‌ನ ಪಾಠಗಳಿದ್ದವು. 2022ರಲ್ಲಿ ರೆಡ್ ಕ್ರಾಸ್ ಈಜಿನ ಕೆಲಸ ನಿಲ್ಲಿಸಿತು, ಆಮೇಲೆ ಅಂಥ ಎಷ್ಟೋ ಕಡೆ ಇದು ಬಂತು. ಹಳೇ ಕಾಲದಿಂದ ಇಲ್ಲಿರುವವರು ‘ರೆಡ್ ಕ್ರಾಸ್ ಲೆವೆಲ್ ಎಷ್ಟು?’ ಅಂತ ಇನ್ನೂ ಕೇಳುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ. ಪುಟ್ಟ ಕೂಸುಗಳಿಗೆ ಪೇರೆಂಟ್ ಅಂಡ್ ಟಾಟ್ ಇದೆ. ಅಲ್ಲಿ ಅಪ್ಪನೋ ಅಮ್ಮನೋ ಮಗು ಎತ್ತಿಕೊಂಡು ನೀರಿಗೆ ಇಳಿಯಬೇಕು. ಮೂರರಿಂದ ಐದು ವರ್ಷದವರಿಗೆ ಪ್ರಿಸ್ಕೂಲ್ ಒಂದರಿಂದ ಐದು. ಅದಕ್ಕಿಂತ ದೊಡ್ಡವರಿಗೆ ಸ್ವಿಮ್ಮರ್ ಒಂದರಿಂದ ಆರು. ನಮ್ಮಂಥವರಿಗೆ ಅಡಲ್ಟ್ ಒಂದು, ಎರಡು, ಮೂರು.

ಯಾವ ಹಂತ ಅಂತ ಗೊತ್ತಾಗದಿದ್ದರೆ ಊಹೆ ಮಾಡಬೇಡಿ. ಪಟ್ಟಿಯಲ್ಲಿ ಪ್ರತಿ ಹಂತಕ್ಕೂ ಏನೇನು ಬರಬೇಕು ಅಂತ ಬರೆದಿದ್ದಾರೆ. ಕೇಂದ್ರದಲ್ಲಿ ಕೇಳಿದರೂ ಹೇಳುತ್ತಾರೆ. ನಮ್ಮಲ್ಲಿ ಕೆಲವರು ಮಗುವಿಗೆ ಎಂಟು ವರ್ಷ ಆಯಿತಲ್ಲ ಅಂತ ಮೂರನೇ ಹಂತಕ್ಕೆ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಮೊದಲ ದಿನವೇ ಆಳದ ನೀರು ನೋಡಿ ಹೆದರಿಬಿಟ್ಟರೆ ಆ ಹೆದರಿಕೆ ಬಿಡಿಸೋದು ಬಹಳ ಕಷ್ಟ. ನನ್ನ ಮಗಳು ಖಾಸಗಿ ಶಾಲೆಯಲ್ಲಿ ಆರು ತಿಂಗಳು ಕಳೆದಿದ್ದರೂ ನಾವು ಸ್ವಿಮ್ಮರ್ ಒಂದಕ್ಕೇ ಹಾಕಿದೆವು. ಅವಳ ಗುಂಪಿನಲ್ಲಿ ಅವಳೇ ಎತ್ತರ. ಎರಡು ವಾರ ಮುಜುಗರ ಪಟ್ಟಳು. ಮೂರನೇ ವಾರ ನೀರೊಳಗೆ ಕಣ್ಣು ಬಿಟ್ಟು ತಳದಲ್ಲಿದ್ದ ರಬ್ಬರ್ ಬಳೆ ಎತ್ತಿಕೊಂಡು ಬಂದಳು.

ಪಾಠ ಅರ್ಧ ಗಂಟೆ. ಟೀಚರ್ ಒಬ್ಬ ಕಾಲೇಜು ಹುಡುಗ. ಇಡೀ ಋತು ಅವನೇ ಇದ್ದ. ಎಲ್ಲ ಮಕ್ಕಳ ಹೆಸರೂ ಎರಡನೇ ವಾರಕ್ಕೆ ಬಾಯಿಗೆ ಬಂದಿತ್ತು. ನನ್ನ ಮಗಳ ಹೆಸರಿನಲ್ಲಿ ‘ಳ’ ಇದೆ. ಅದನ್ನು ಸರಿಯಾಗಿ ಹೇಳಲಿಕ್ಕೆ ಅವಳ ಹತ್ತಿರವೇ ಪಾಠ ಹೇಳಿಸಿಕೊಂಡ. ಇಂಥ ಮಕ್ಕಳೇ ಇಲ್ಲಿ ಟೀಚರ್ ಆಗುತ್ತಾರೆ. ಸ್ವಿಮ್ಮರ್ ಹಂತಗಳು ಮುಗಿದ ಮೇಲೆ ಬ್ರಾಂಜ್ ಮೆಡಾಲಿಯನ್, ಬ್ರಾಂಜ್ ಕ್ರಾಸ್ ಅಂತ ಜೀವ ಉಳಿಸುವ ತರಬೇತಿಗಳಿವೆ, ಅವನ್ನು ಮುಗಿಸಿ ಮುಂದೆ ಹೋಗಿ ಕೊಳ ಕಾಯುವ ಲೈಫ್‌ಗಾರ್ಡ್ ಆಗಬಹುದು. ಅದು ಹದಿಹರೆಯದ ಮಕ್ಕಳಿಗೆ ಒಳ್ಳೆಯ ಸಂಬಳದ ಮೊದಲ ಕೆಲಸ. ಮಗಳು ಈಗಲೇ ಆ ಕೆಂಪು ಚಡ್ಡಿ ಹಾಕೋ ಕನಸು ಕಾಣುತ್ತಿದ್ದಾಳೆ.

ನನಗೆ ತುಂಬ ಹಿಡಿಸಿದ್ದು ಅವರು ಕಲಿಸುವ ಕ್ರಮ. ಚೆಂದವಾಗಿ ಈಜೋದು ಆಮೇಲೆ. ಮೊದಲು, ಅಕಸ್ಮಾತ್ ಆಳದ ನೀರಿಗೆ ಬಿದ್ದರೆ ಬದುಕಿ ಬರೋದು ಹೇಗೆ ಅಂತ ಕಲಿಸುತ್ತಾರೆ. ಲೈಫ್‌ಸೇವಿಂಗ್ ಸೊಸೈಟಿಯವರದ್ದು ಮೂರು ಅಂಶದ ಒಂದು ಅಳತೆ ಇದೆ. ಆಳಕ್ಕೆ ಉರುಳಿ ಬೀಳಬೇಕು. ಒಂದು ನಿಮಿಷ ಇದ್ದಲ್ಲೇ ಕೈಕಾಲು ಆಡಿಸುತ್ತ ತಲೆ ಮೇಲೆ ಇಟ್ಟುಕೊಂಡಿರಬೇಕು. ಆಮೇಲೆ 50 ಮೀಟರ್ ಈಜಿ ದಡ ಸೇರಬೇಕು. ಹೇಗೆ ಈಜಿದರೂ ಸರಿ, ತಲುಪಿದರೆ ಆಯಿತು. ಇದನ್ನು ಕೇಳಿದ ದಿನ ನನಗೆ ನಮ್ಮೂರಿನ ಹೊಳೆ ನೆನಪಾಯಿತು. ಮಳೆಗಾಲದಲ್ಲಿ ಕಾಲು ಜಾರಿದವರ ಸುದ್ದಿ ಪ್ರತಿ ವರ್ಷ ಬರುತ್ತಿತ್ತು. ಕಾಲು ಜಾರಿದವರಿಗೆ ಬೇಕಾಗಿದ್ದದ್ದು ಆ ಒಂದು ನಿಮಿಷವೇ ಅಲ್ವಾ?

ಇಲ್ಲಿಗೆ ಹೊಸದಾಗಿ ಬಂದವರಲ್ಲಿ ಈಜು ಬಾರದವರು ಜಾಸ್ತಿ ಅಂತ ಲೈಫ್‌ಸೇವಿಂಗ್ ಸೊಸೈಟಿ ಬಹಳ ವರ್ಷದಿಂದ ಹೇಳುತ್ತ ಬಂದಿದೆ. ಬೇಸಿಗೆ ಬಂತು ಅಂದರೆ ನಾವೆಲ್ಲ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಸರೋವರದ ದಡಕ್ಕೆ ಹೋಗುತ್ತೇವೆ. ಮಕ್ಕಳು ಕ್ಲಾಸ್‌ಮೇಟ್‌ಗಳ ಜೊತೆ ಸರೋವರದ ಪಕ್ಕದ ಅವರ ರಜೆಯ ಮನೆಗೆ, ಕಾಟೇಜಿಗೆ, ಹೋಗುತ್ತಾರೆ. ನೋಡಲಿಕ್ಕೆ ನೀರು ಶಾಂತವಾಗಿರುತ್ತದೆ. ಎರಡು ಹೆಜ್ಜೆ ಇಟ್ಟರೆ ತಳ ಸಿಗುವುದಿಲ್ಲ. ಸ್ಕೇಟಿಂಗ್, ಪಿಯಾನೋ, ಗಣಿತದ ಟ್ಯೂಷನ್ ಎಲ್ಲ ಬೇಕು ಅನಿಸಿದರೆ ಹಾಕಿ. ಆದರೆ ಒಂದನ್ನೇ ಆರಿಸಬೇಕು ಅಂದರೆ ಈಜನ್ನೇ ಆರಿಸಿ. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ನನ್ನ ತರಗತಿಯ ಕತೆಗೆ ಬರುತ್ತೇನೆ. ಅಡಲ್ಟ್ ಒಂದು. ಎಂಟು ಜನ ಇದ್ದೆವು. ಒಬ್ಬರು ಎರಿಟ್ರಿಯಾದವರು, ಇಬ್ಬರು ಫಿಲಿಪೀನ್ಸ್‌ನವರು, ಒಬ್ಬ ಚೀನಾದ ಅಜ್ಜ, ಉಳಿದವರು ನಮ್ಮ ಉಪಖಂಡದವರೇ. ಅಜ್ಜನಿಗೆ 70 ದಾಟಿತ್ತು. ಮೊದಲ ದಿನ ಎದೆಮಟ್ಟದ ನೀರಿನಲ್ಲಿ ಎಲ್ಲರೂ ಅಂಚು ಹಿಡಿದುಕೊಂಡು ನಿಂತಿದ್ದೆವು. ಟೀಚರ್ ಹುಡುಗಿ ‘ಮುಖ ನೀರಿಗೆ ಹಾಕಿ ಗುಳ್ಳೆ ಬಿಡಿ’ ಅಂದಳು. ಅಷ್ಟು ಮಾಡಲಿಕ್ಕೆ ನನಗೆ ಇಪ್ಪತ್ತು ನಿಮಿಷ ಬೇಕಾಯಿತು. ಅವಳು ಒಂದು ಸಲವೂ ಬೇಗ ಬೇಗ ಅನ್ನಲಿಲ್ಲ. ನನ್ನ ಎದುರು ನಿಂತು, ಎರಡೂ ಕೈ ಹಿಡಿದುಕೊಂಡು, ತಾನೂ ನನ್ನ ಜೊತೆ ಮುಖ ಮುಳುಗಿಸುತ್ತಿದ್ದಳು.

ನಾಲ್ಕನೇ ವಾರ ಬೆನ್ನ ಮೇಲೆ ತೇಲೋದು. ತಲೆ ಹಿಂದಕ್ಕೆ ಬಿಡಿ, ಕಿವಿ ನೀರೊಳಗೆ ಹೋಗಲಿ, ಹೊಟ್ಟೆ ಮೇಲೆ ಎತ್ತಿ ಅಂತ ಹೇಳುತ್ತಿದ್ದಳು. ನಾನು ಕುತ್ತಿಗೆ ಬಿಗಿ ಹಿಡಿಯುತ್ತಿದ್ದೆ, ಕಾಲು ಮುಳುಗುತ್ತಿತ್ತು. ಎಷ್ಟೋ ಸಲ ಹೀಗೇ ಆಯಿತು. ಕೊನೆಗೆ ಅವಳ ಅಂಗೈ ನನ್ನ ತಲೆ ಕೆಳಗೆ ಇದೆ ಅನ್ನೋ ಧೈರ್ಯದಲ್ಲಿ ಬಿಟ್ಟುಬಿಟ್ಟೆ. ಕಿವಿ ತುಂಬ ನೀರು. ಹೊರಗಿನ ಗದ್ದಲ ನಿಂತುಹೋಯಿತು, ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಮೇಲೆ ಚಾವಣಿಯ ದೀಪಗಳು. ಎದ್ದು ನೋಡಿದರೆ ಅವಳು ಎರಡು ಮಾರು ದೂರದಲ್ಲಿ ಕೈಕಟ್ಟಿ ನಿಂತಿದ್ದಳು. ಕೈ ಯಾವಾಗಲೋ ತೆಗೆದಿದ್ದಳು. ಚೀನಾದ ಅಜ್ಜ ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ಕೊಳದಲ್ಲಿ ಒಂದು ಅನುಕೂಲ, ಎಲ್ಲರ ಮುಖವೂ ಒದ್ದೆಯೇ ಇರುತ್ತದೆ.

ಬಟ್ಟೆಯ ಬಗ್ಗೆ ನಮ್ಮ ಹೆಂಗಸರು ಕೇಳುತ್ತಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ. ಈಜುಡುಗೆ ಅಂದರೆ ಮೈ ತೋರಿಸುವಂಥದ್ದೇ ಆಗಬೇಕು ಅಂತಿಲ್ಲ. ಈಜಿನ ಬಟ್ಟೆಯಲ್ಲೇ ಹೊಲಿದ ಉದ್ದ ತೋಳಿನ ಮೇಲಂಗಿ, ಉದ್ದ ಕಾಲಿನ ಲೆಗ್ಗಿಂಗ್ಸ್ ಸಿಗುತ್ತದೆ. ನಾನು ಅದನ್ನೇ ಹಾಕುತ್ತೇನೆ, ಯಾರೂ ತಿರುಗಿ ನೋಡೋದಿಲ್ಲ. ಹತ್ತಿಯ ಬಟ್ಟೆ ಮಾತ್ರ ಬೇಡ, ನೀರು ಕುಡಿದು ಭಾರ ಆಗುತ್ತದೆ. ಕೆಲವು ಕೊಳಗಳಲ್ಲಿ ಹೆಂಗಸರಿಗೆ ಮಾತ್ರ ಅಂತ ಬೇರೆ ಸಮಯವೂ ಇದೆ. ರೀಜೆಂಟ್ ಪಾರ್ಕ್ ಅನ್ನುವ ಬಡಾವಣೆಯಲ್ಲಿ ಪ್ಯಾಮ್ ಮೆಕಾನೆಲ್ ಅಕ್ವಾಟಿಕ್ ಸೆಂಟರ್ ಅಂತ ಒಂದು ಕೊಳ ಇದೆ, 2012ರಲ್ಲಿ ಶುರುವಾದದ್ದು. ಸುತ್ತ ಗಾಜಿನ ಗೋಡೆ. ಹೆಂಗಸರ ಸಮಯದಲ್ಲಿ ಪರದೆ ಇಳಿಸುತ್ತಾರೆ. ಅಲ್ಲಿಗೆ ಒಮ್ಮೆ ಹೋಗಿದ್ದೆ. ಹಿಜಾಬಿನ ಅಮ್ಮಂದಿರು, ನನ್ನಂಥವರು, ಅಜ್ಜಿಯಂದಿರು ಎಲ್ಲ ನಿರಾಳವಾಗಿ ನೀರಲ್ಲಿ ಇದ್ದರು. ಒಂದು ನಗರ ಇಷ್ಟನ್ನು ಯೋಚಿಸಿ ಕಟ್ಟಿದೆಯಲ್ಲ ಅಂತ ಸಂತೋಷವಾಯಿತು.

ದೊಡ್ಡ ಕೊಳ ನೋಡಬೇಕು ಅಂದರೆ ನಮ್ಮ ಸ್ಕಾರ್ಬರೋದಲ್ಲೇ ಪ್ಯಾನ್ ಆಮ್ ಸ್ಪೋರ್ಟ್ಸ್ ಸೆಂಟರ್ ಇದೆ. 2015ರ ಪ್ಯಾನ್ ಅಮೆರಿಕನ್ ಕ್ರೀಡಾಕೂಟಕ್ಕೆ ಅಂತ ಕಟ್ಟಿದ್ದು. 50 ಮೀಟರಿನ ಎರಡು ಕೊಳಗಳಿವೆ. ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋದ ದಿನ ಅವಳು ಡೈವಿಂಗ್ ಹಲಗೆಗಳನ್ನು ನೋಡುತ್ತ ಬಾಯಿ ಬಿಟ್ಟು ನಿಂತಿದ್ದಳು.

ಮೊದಲ ದಿನಕ್ಕೆ ಸಣ್ಣಪುಟ್ಟ ಸಾಮಾನು. ಲಾಕರಿಗೆ ನಿಮ್ಮದೇ ಬೀಗ ಒಯ್ಯಿರಿ. ನೀರಿಗಿಳಿಯುವ ಮೊದಲು ಸ್ನಾನ ಕಡ್ಡಾಯ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬೇಡಿ. ಚಳಿಗಾಲದಲ್ಲಿ ಒದ್ದೆ ಕೂದಲಲ್ಲಿ ಹೊರಗೆ ಬಂದರೆ ಕೂದಲು ಕಡ್ಡಿಯಾಗುತ್ತದೆ, ಒಂದು ದಪ್ಪ ಟೋಪಿ ಇಟ್ಟುಕೊಳ್ಳಿ. ಪಾಠ ಮುಗಿದ ಮೇಲೆ ಮಕ್ಕಳಿಗೆ ಎಂಥಾ ಹಸಿವು ಅಂತೀರಿ! ನಾನು ಚಪಾತಿಗೆ ತುಪ್ಪ ಸಕ್ಕರೆ ಹಚ್ಚಿ ಸುರುಳಿ ಸುತ್ತಿ ಒಯ್ಯುತ್ತೇನೆ. ಬಸ್ ಸ್ಟಾಪಿನಲ್ಲೇ ಖಾಲಿ.

ಸ್ಕೇಟಿಂಗ್ ಬಗ್ಗೆ ಜಾಸ್ತಿ ಬರೆಯೋದಿಲ್ಲ. ಪಾಠಕ್ಕೆ ನೋಂದಣಿ ಇದೇ ರೀತಿ. ಹೆಲ್ಮೆಟ್ ಬೇಕೇ ಬೇಕು, ಕೆನಡಾದ ಸುರಕ್ಷತಾ ಮಾನದಂಡದ ಸಿಎಸ್‌ಎ ಗುರುತು ಇರುವ, ಐಸ್ ಹಾಕಿ ಆಟದ ಹೆಲ್ಮೆಟ್ ತಗೊಳ್ಳಿ. ಸೈಕಲ್ಲಿನದ್ದು ಸಾಲದು. ಪಾಠ ಬೇಡ, ಸುಮ್ನೆ ಜಾರಬೇಕು ಅಂದರೆ ಚಳಿಗಾಲದಲ್ಲಿ ನಗರದ ಬಯಲು ರಿಂಕುಗಳು ಉಚಿತ. ಹಾಗೆಯೇ ಬೇಸಿಗೆಯಲ್ಲಿ ಬಯಲಿನ ಈಜುಕೊಳಗಳೂ ಉಚಿತ. ನೋಂದಣಿ ಬೇಡ, ಟವೆಲ್ ಹಿಡಿದುಕೊಂಡು ಹೋದರೆ ಆಯಿತು. ಜುಲೈ, ಆಗಸ್ಟ್ ಶಾಲೆ ರಜೆಗೆ ಕ್ಯಾಂಪ್‌ಟಿಓ ಅಂತ ಹಗಲು ಶಿಬಿರಗಳಿವೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗೆ ಅದು ದೊಡ್ಡ ಆಸರೆ. ಅದಕ್ಕೂ ಜನ ಮುಗಿಬೀಳುತ್ತಾರೆ. ಹಿಮ ಕರಗುವ ಮೊದಲೇ ಅದರ ದಿನಾಂಕ ನೋಡಿಟ್ಟುಕೊಳ್ಳಿ.

ಅಂಕ ಕೊಡು ಅಂದರೆ ಐದಕ್ಕೆ ನಾಲ್ಕೂವರೆ. ಕಲಿಸುವುದಕ್ಕೆ ಪೂರ್ತಿ ಐದು ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಸೀಟಿಗಾಗಿ. ಬೇಕು ಅನ್ನುವವರು ಇಷ್ಟು ಜನ ಇರುವಾಗ ತರಗತಿಗಳು ಇನ್ನೂ ಹೆಚ್ಚಬೇಕು. ಬೆಳಿಗ್ಗೆ ಏಳಕ್ಕೆ ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಇರುವವರೂ ಇದ್ದಾರೆ, ಮನೆಯಲ್ಲಿ ಒಳ್ಳೆಯ ಇಂಟರ್ನೆಟ್ ಇಲ್ಲದವರೂ ಇದ್ದಾರೆ. ಅವರ ಮಕ್ಕಳಿಗೂ ಸೀಟು ಸಿಗಬೇಕು. ನನ್ನ ನಗರಸಭಾ ಸದಸ್ಯರ ಕಚೇರಿಗೆ ಈ ಬಗ್ಗೆ ಬರೆದಿದ್ದೇನೆ. ನೀವೂ ಬರೆಯಿರಿ. ಇಲ್ಲಿ ಮತ ಹಾಕುವ ಹಕ್ಕು ಇನ್ನೂ ಬರದಿದ್ದರೂ ಪತ್ರ ಬರೆಯಬಹುದು.

ಕಳೆದ ಚಳಿಗಾಲದಲ್ಲಿ ಅಮ್ಮ ಊರಿನಿಂದ ಬಂದಿದ್ದಳು. ನನ್ನ ತರಗತಿಗೆ ಕರೆದುಕೊಂಡು ಹೋದೆ. ಗಾಜಿನ ಆಚೆ ನೋಡುವವರ ಬೆಂಚಿನ ಮೇಲೆ ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು ಕೂತಿದ್ದಳು. ನಾನು ಈ ತುದಿಯಿಂದ ಆ ತುದಿಗೆ ಈಜಿ ಎದ್ದು ನೋಡಿದರೆ ಎದ್ದು ನಿಂತಿದ್ದಳು. ಮನೆಗೆ ಬರುವ ದಾರಿಯಲ್ಲಿ ಏನೂ ಮಾತಾಡಲಿಲ್ಲ. ರಾತ್ರಿ ಊಟ ಆದ ಮೇಲೆ ಮೆಲ್ಲಗೆ, ‘ನನ್ನಂಥವರು ಇಳಿಯಬಹುದಾ ಮಾರಾಯ್ತಿ?’ ಅಂದಳು.

ನೋಂದಣಿ ಬೇಡದ, ಸುಮ್ನೆ ಹೋಗಿ ಇಳಿಯುವ ಸಮಯಗಳೂ ಕೊಳದಲ್ಲಿ ಇರುತ್ತವೆ. ಮುಂದಿನ ಬುಧವಾರ ಮಧ್ಯಾಹ್ನ ಕರೆದುಕೊಂಡು ಹೋದೆ. ನನ್ನ ಉದ್ದ ತೋಳಿನ ಬಟ್ಟೆಯನ್ನೇ ಹಾಕಿಸಿದೆ. ಇಳಿಜಾರಿನಲ್ಲಿ ಕಂಬಿ ಹಿಡಿದುಕೊಂಡು ಒಂದೊಂದೇ ಹೆಜ್ಜೆ ಇಟ್ಟಳು. ಸೊಂಟದ ಮಟ್ಟಕ್ಕೆ ನೀರು ಬಂದಾಗ ನಿಂತಳು. ಲೈಫ್‌ಗಾರ್ಡ್ ಹುಡುಗಿ ಹತ್ತಿರ ಬಂದು ನಕ್ಕಳು. ಅಮ್ಮ ಒಂದು ಕೈಯಲ್ಲಿ ನನ್ನ ಭುಜ ಹಿಡಿದಳು. ಇನ್ನೊಂದು ಕೈಯಲ್ಲಿ ಮೂಗು ಹಿಡಿದು ಮೂರು ಸಲ ಮುಳುಗಿ ಎದ್ದಳು. ಮುಖ ಒರೆಸಿಕೊಂಡು ಸುತ್ತ ನೋಡಿದಳು.

‘ನೀರು ಬೆಚ್ಚಗಿದೆ’ ಅಂದಳು. ‘ಶುಕ್ರವಾರನೂ ಇದೆಯಾ ಕೇಳು.’